ಐದೂ ಹತ್ತಕ್ಕೆ ದಾಖಲಾದ ಸಾವು

"ಇಲ್ಲಿ ಏನೂ ಇಲ್ಲವಲ್ಲ!"

ಇನ್‌ಸ್ಪೆಕ್ಟರ್ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಸತ್ತವನ ಜೇಬಿನ ಡೈರಿಯಲ್ಲಿ ಸಿಕ್ಕ ಮೊಳದುದ್ದದ ವಿಳಾಸವನ್ನು ಎರಡು ಸಲ ತಪ್ಪು ಮಾಡಿ, ಮೂರನೆಯ ಸಲ ಸರಿಯಾಗಿ ಒತ್ತಿ ಮುಗಿಸಿದ್ದಳು. ಅಷ್ಟು ಕಷ್ಟಪಟ್ಟದ್ದಕ್ಕೆ ತೆರೆದುಕೊಂಡದ್ದು ಒಂದು ಬಿಳಿ ಪುಟ, ಅದರ ನಡುವೆ ಬೂದು ಬಣ್ಣದ ಚೌಕ, ಚೌಕದೊಳಗೆ ನಾಲ್ಕೇ ನಾಲ್ಕು ಸಾಲು.

"ಇತ್ತು ಮೇಡಂ. ತೆಗೆದುಹಾಕಿದ್ದಾರೆ," ಎಂದರು ಲೈಬ್ರರಿಯಮ್ಮ.

ವಿಶ್ವವಿದ್ಯಾಲಯದಲ್ಲಿ ಕುಲಪತಿಯಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಪ್ರೊಫೆಸರುಗಳು ಬರೆದ ಲೇಖನಗಳನ್ನೆಲ್ಲ ಇಟ್ಟು, ಯಾರು ಬೇಕಾದರೂ ಕಾಸು ಕೊಡದೆ ಓದಲು ಬಿಡುವ 'ಮುಕ್ತ ಭಂಡಾರ' ಅವರ ಸುಪರ್ದಿಯಲ್ಲಿತ್ತು. ಇಪ್ಪತ್ತಾರು ವರ್ಷ ಈ ಕಟ್ಟಡದ ಧೂಳು ಕುಡಿದವರು. ಇನ್ನೆಂಟು ತಿಂಗಳಿಗೆ ನಿವೃತ್ತಿ.

ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಕಬ್ಬಿಣದ ಸುತ್ತುಮೆಟ್ಟಿಲ ಬುಡದಲ್ಲಿ, ಲೆಕ್ಕದ ಮೇಷ್ಟ್ರು ಹೆಣವಾಗಿ ಸಿಕ್ಕು ಇವತ್ತಿಗೆ ಮೂರನೆಯ ದಿನ. ಕೋಟಿನ ಜೇಬಿನಲ್ಲಿ, ಲೇಖನದ ಅಂಕಿಗಳನ್ನು ತಿರುಚಿದ ಆರೋಪ ಹೊರಿಸಿ ವಿಶ್ವವಿದ್ಯಾಲಯ ಕೊಟ್ಟ ನೋಟೀಸಿತ್ತು. ಇನ್ನೇನು ಬೇಕು? ಮಾನಕ್ಕೆ ಅಂಜಿ ಮೂರನೇ ಮಹಡಿಯಿಂದ ಹಾರಿಕೊಂಡ ಎಂದು ಎಲ್ಲರೂ ತೀರ್ಮಾನ ಮಾಡಿ ಕೈ ತೊಳೆದುಕೊಂಡಿದ್ದರು.

ಒಪ್ಪದವಳು ಒಬ್ಬಳೇ. ಅವನ ಅಕ್ಕ. ಮೂರು ದಿನದಿಂದ ಸ್ಟೇಷನ್ನಿನ ಬೆಂಚು ಬಿಟ್ಟು ಅಲುಗಿರಲಿಲ್ಲ. "ನನ್ನ ತಮ್ಮ ಸುಳ್ಳ ಅಲ್ಲ. ಸಾಯೋನೂ ಅಲ್ಲ. ಹಾಗಂತ ಬರೀಬೇಡಿ," ಇಷ್ಟೇ ಅವಳ ಮಾತು. ಅವಳು ಕೊಟ್ಟ ದೂರೊಂದೇ ಆ ಫೈಲನ್ನು ಹಿಡಿದು ನಿಲ್ಲಿಸಿತ್ತು. ಇನ್‌ಸ್ಪೆಕ್ಟರಿಗೆ ಮೇಲಿನ ಸಾಹೇಬರು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದರು. ಸಂಜೆ ಐದರೊಳಗೆ ಬೇರೇನಾದರೂ ಸಿಕ್ಕರೆ ಸರಿ, ಇಲ್ಲವಾದರೆ 'ಆತ್ಮಹತ್ಯೆ' ಎಂದು ಮೊಹರು ಬೀಳುತ್ತದೆ.

ಈಗ ಗಂಟೆ ಎರಡೂವರೆ. ಇನ್‌ಸ್ಪೆಕ್ಟರನ್ನು ಸ್ಟೇಷನ್ನಿನಲ್ಲಿ ಬೆನ್ನ ಹಿಂದೆ 'ಜಿಗಣೆ' ಎನ್ನುತ್ತಿದ್ದರು. ಆಕೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಒಂದಿಷ್ಟು ಹೆಮ್ಮೆ ಇತ್ತು.

"ತೆಗೆದ ಮೇಲೆ ಪುಟಾನೂ ಹೋಗಬೇಕಲ್ವಾ ಅಮ್ಮ?"

"ಅಂಗಡಿ ಬೋರ್ಡು ಇಳಿಸಿದ ಹಾಗೆ ಅಲ್ಲ ಮೇಡಂ ಇದು. ಭಂಡಾರಕ್ಕೆ ಒಂದು ಸಲ ಬಂದದ್ದರ ವಿಳಾಸ ಅಳಿಸೋ ಹಾಗಿಲ್ಲ. ಲೇಖನ ಒಳಗೆ ಹೋಗುತ್ತೆ, ಆ ಜಾಗದಲ್ಲಿ ಹೀಗೊಂದು ಕಲ್ಲು ನಿಲ್ಲುತ್ತೆ. ಯಾವಾಗ ತೆಗೆದರು, ಯಾಕೆ, ಯಾರು. ನಮ್ಮೋರು ಇದನ್ನ ಗೋರಿಪುಟ ಅಂತಾರೆ."

ಇನ್‌ಸ್ಪೆಕ್ಟರ್ ಮುಖವನ್ನು ಪರದೆಯ ಹತ್ತಿರ ತಂದು ಓದಿದಳು.

ಲೇಖನ: ಎಣಿಕೆಯಲ್ಲಿ ಬಿಟ್ಟುಹೋದ ಹನ್ನೊಂದು ಶಿಶುಗಳು.
ಹಿಂತೆಗೆದದ್ದು: ಮಂಗಳವಾರ, ಸಂಜೆ 5:10.
ಕಾರಣ: ಲೇಖಕರ ನಿಧನ. ಹತ್ತಿರದ ಸಂಬಂಧಿಕರ ಒಪ್ಪಿಗೆ ಲಗತ್ತಿಸಿದೆ.
ಹಿಂತೆಗೆದವರು: ಸಂಶೋಧನಾ ಡೀನ್ ಕಚೇರಿ.

"ಹನ್ನೊಂದು ಶಿಶುಗಳು ಅಂದ್ರೆ?"

ಲೈಬ್ರರಿಯಮ್ಮ ಕನ್ನಡಕ ತೆಗೆದು ಒರೆಸಿದರು. "ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಹಾಕೋ ಒಂದು ಔಷಧಿ ಇದೆ. ಅದು ಒಳ್ಳೇದು ಅಂತ ಮೊದಲು ಬರೆದವರು ನಮ್ಮ ಡೀನ್. ಅವರಿಗೆ ಅಂಕಿ ಎಲ್ಲ ಜೋಡಿಸಿ ಕೊಟ್ಟೋಳು ನಾನೇ. ಆರು ವರ್ಷದಿಂದ ಎಲ್ಲ ಆಸ್ಪತ್ರೇಲೂ ಹಾಕ್ತಿದ್ದಾರೆ. ಮೇಷ್ಟ್ರು ಹಳೇ ಅಂಕಿ ಎಲ್ಲ ತೆಗೆದು ಮತ್ತೆ ಎಣಿಸಿದರು. ಸತ್ತ ಹನ್ನೊಂದು ಮಕ್ಕಳು ಲೆಕ್ಕಕ್ಕೇ ಬಂದಿರಲಿಲ್ಲ."

ಇನ್‌ಸ್ಪೆಕ್ಟರ್ ಮತ್ತೆ ಪರದೆಯ ಕಡೆ ತಿರುಗಿದಳು. "ಇಷ್ಟು ದಿನ ಯಾರೂ ಓದಲಿಲ್ವಾ ಇದನ್ನ?"

"ಬೀಗದಲ್ಲಿತ್ತು. ಲೇಖನ ಅಚ್ಚು ಹಾಕೋ ಸಂಶೋಧನಾ ಪತ್ರಿಕೆಯವರ ಒತ್ತಾಯಕ್ಕೆ ಆರಾರು ತಿಂಗಳು ಬೀಗ ಹಾಕಿಡೋದು ಹಿಂದಿನ ಪದ್ಧತಿ. ತಲೆಬರಹ ಕಾಣುತ್ತೆ, ಒಳಗಿನದು ಕಾಣಲ್ಲ. ಹೊಸ ನೀತಿ ಬಂತು. ಜನರ ದುಡ್ಡಲ್ಲಿ ಆದ ಸಂಶೋಧನೆ ಒಂದು ದಿನವೂ ಬೀಗದಲ್ಲಿ ಇರಬಾರದು. ಬುಧವಾರ ಬೆಳಿಗ್ಗೆ ಎಂಟಕ್ಕೆ ಎಲ್ಲ ಬೀಗ ತಾವಾಗೇ ತೆರೆದುಕೊಂಡವು. ಸಾವಿರದ ಇನ್ನೂರು ಲೇಖನ."

"ಇದೊಂದು ಬಿಟ್ಟು."

"ಇದೊಂದು ಬಿಟ್ಟು," ಎಂದರು ಲೈಬ್ರರಿಯಮ್ಮ.

ಅಂದರೆ ತೆಗೆಯಬೇಕೆಂದಿದ್ದವನಿಗೆ ಮಂಗಳವಾರವೇ ಗಡುವು. ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತಳು.

"ಸುಮ್ಮನೆ ಬೇಡ ಅಂದ್ರೆ ತೆಗೀಬಹುದಾ?"

"ಉಹೂಂ. ಸಮಿತಿ ಕೂರಬೇಕು. ಅದಕ್ಕೆ ಮೂರು ವಾರ. ಸಮಿತಿ ಇಲ್ಲದೆ ತಕ್ಷಣ ತೆಗೆಯೋಕೆ ಮೂರೇ ಕಾರಣ. ಕೋರ್ಟಿನ ಆದೇಶ. ರೋಗಿಗಳ ಹೆಸರು ಬಯಲಾಗಿದ್ದರೆ. ಇಲ್ಲಾಂದ್ರೆ ಲೇಖಕ ತೀರಿಕೊಂಡು ಮನೆಯವರು ಬೇಡ ಅಂದ್ರೆ. ಅರ್ಜಿಯಲ್ಲಿ ಕಾರಣ ಒತ್ತದೆ ಯಂತ್ರ ಮುಂದಕ್ಕೇ ಹೋಗಲ್ಲ."

"ನೀವು ಇದನ್ನ ಯಾವಾಗ ನೋಡಿದ್ರಿ?"

"ಈಗಲೇ, ನಿಮ್ಮ ಜೊತೆ. ಮಂಗಳವಾರ ಹಲ್ಲುನೋವು ಅಂತ ನಾಲ್ಕೂವರೆಗೇ ಮನೆಗೆ ಹೋಗಿದ್ದೆ."

ಇನ್‌ಸ್ಪೆಕ್ಟರ್ ತಲೆಯಾಡಿಸಿ ತನ್ನ ಫೈಲು ಬಿಚ್ಚಿದಳು. ಏಕೆಂದು ಆಕೆಗೇ ತಿಳಿದಿರಲಿಲ್ಲ, ಏನೋ ಚುಚ್ಚುತ್ತಿತ್ತು. ಹೆಣ ಸಿಕ್ಕದ್ದು ಬುಧವಾರ ಒಂಬತ್ತಕ್ಕೆ. ಸರಿ, ಅದಕ್ಕೂ ಮುಂಚೆ ಸಾವು ಗೊತ್ತಿದ್ದವನು ಯಾರೋ ಇದ್ದ ಎಂದಾಯಿತು. ಅಷ್ಟೇ ಸಾಕು, ಫೈಲು ಮುಚ್ಚದಿರಲು. ಆಕೆ ಹಾಳೆ ಮಗುಚಿದಳು. ಮರಣೋತ್ತರ ಪರೀಕ್ಷೆಯ ಡಾಕ್ಟರು ಬರೆದದ್ದು: ಸಾವು ಮಂಗಳವಾರ ಸಂಜೆ ಆರರಿಂದ ಎಂಟರ ನಡುವೆ.

ಅಕ್ಕನ ಹೇಳಿಕೆ: ಐದೂ ನಲವತ್ತಕ್ಕೆ ತಮ್ಮ ಫೋನ್ ಮಾಡಿದ್ದ.

ಆಕೆ ಮತ್ತೊಮ್ಮೆ ಪರದೆ ನೋಡಿದಳು, ಮತ್ತೊಮ್ಮೆ ಹಾಳೆ ನೋಡಿದಳು. ಐದೂ ಹತ್ತು. ಮೇಷ್ಟ್ರು ಆಗಿನ್ನೂ ಬದುಕಿದ್ದರು. ನಡೆದಾಡುತ್ತಿದ್ದರು, ಅಕ್ಕನಿಗೆ ಫೋನ್ ಮಾಡಲಿಕ್ಕಿದ್ದರು. ಆ ಹೊತ್ತಿಗಾಗಲೇ ಅವರ ಸಾವು ಭಂಡಾರದ ಯಂತ್ರದಲ್ಲಿ ದಾಖಲಾಗಿ ಕಲ್ಲು ನೆಟ್ಟಾಗಿತ್ತು.

"ಒಪ್ಪಿಗೆ ಪತ್ರ ಲಗತ್ತಿಸಿದೆ ಅಂತಿದೆ. ತೋರಿಸಿ."

"ಅದು ನನಗೆ ತೆರೆಯಲ್ಲ ಮೇಡಂ. ಡೀನ್ ಕಚೇರಿಯಲ್ಲೇ ನೋಡಬೇಕು," ಎಂದು ಲೈಬ್ರರಿಯಮ್ಮ ಗೋರಿಪುಟದ ಪ್ರತಿ ಮುದ್ರಿಸಿ ಕೈಗಿಟ್ಟರು. "ಆ ಹುಡುಗ ಒಳ್ಳೆಯವನು. ಬಿಡಬೇಡಿ."

* * *

ಡೀನ್ ಸಾಹೇಬರಿಗೆ ಎರಡು ಕುರ್ಚಿ. ಒಂದು ಡೀನ್‌ಗಿರಿಯದು, ಇನ್ನೊಂದು ಆ ಔಷಧಿಯ ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕತ್ವದ್ದು. ತಾವೇ ಬರೆದು ತಾವೇ ಅಚ್ಚು ಹಾಕಿಕೊಂಡವರು. ಕೋಣೆಯ ತುಂಬ ದಪ್ಪ ಸಂಪುಟಗಳು, ಒಂದರ ಮೇಲೂ ಬೆರಳ ಗುರುತಿರಲಿಲ್ಲ.

"ಮತ್ತೆ ಬಂದ್ರಾ? ಪಾಪದವನನ್ನ ನೆಮ್ಮದಿಯಾಗಿ ಹೋಗೋಕೆ ಬಿಡಿ ಮೇಡಂ."

"ಮಂಗಳವಾರ ಸಂಜೆ ಐದೂ ಹತ್ತಕ್ಕೆ ಎಲ್ಲಿದ್ರಿ ಸರ್?"

"ಆಡಳಿತ ಭವನದಲ್ಲಿ. ಹೊಸ ನೀತಿ ಜಾರಿ ಸಭೆ. ನಾಲ್ಕರಿಂದ ಎಂಟೂವರೆವರೆಗೆ, ಊಟ ಸೇರಿ. ನಲವತ್ತು ಜನ ಇದ್ದರು. ಐದೂ ಹತ್ತಕ್ಕೆ ಬಹುಶಃ ನಾನೇ ಭಾಷಣ ಮಾಡ್ತಿದ್ದೆ."

"ಏನಂತ?"

"ಜ್ಞಾನಕ್ಕೆ ಬೀಗ ಇರಬಾರದು ಅಂತ."

ಇನ್‌ಸ್ಪೆಕ್ಟರ್‌ಗೆ ನಗು ಬಂತು. ಬಂದ ನಗುವನ್ನು ಹಲ್ಲು ಕಚ್ಚಿ ತಡೆದು, ಮುದ್ರಿಸಿದ ಹಾಳೆಯನ್ನು ಅವರ ಮುಂದೆ ಇಟ್ಟಳು.

ಡೀನ್ ಓದಿದರು. ಮುಖ ಹುಳ್ಳಗಾಯಿತು.

"ಇದು... ಇದು ಇನ್ನೂ ಅಲ್ಲಿದೆಯಾ?"

"ಇರಲ್ಲ ಅಂದ್ಕೊಂಡಿದ್ರಾ?"

"ಮೂವತ್ತು ವರ್ಷ ಪತ್ರಿಕೆ ನಡೆಸಿದೋನು ನಾನು. ತೆಗೆದದ್ದು ಅಂದ್ರೆ ತೆಗೆದದ್ದು. ಪುಟಾನೇ ಇರಲ್ಲ."

"ಹಾಗಾದ್ರೆ ತೆಗೆದದ್ದು ನಿಮಗೆ ಗೊತ್ತಿತ್ತು."

ಮಾತು ಜಾರಿಹೋಗಿತ್ತು, ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ. ಡೀನ್ ಪೇಪರ್‌ವೇಟನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು.

"ಸಭೇಲಿದ್ದಾಗ ಫೋನಿಗೆ ಸಂದೇಶ ಬಂತು. ಲೇಖನ ಹಿಂತೆಗೆಯಲಾಗಿದೆ ಅಂತ. ಯಂತ್ರ ತಾನಾಗೇ ಕಳಿಸೋದು. ಕಾರಣ ಅದರಲ್ಲಿ ಇರಲ್ಲ."

"ಯಾರು ತೆಗೆದರು ಅಂತ ವಿಚಾರಿಸಲಿಲ್ವಾ?"

"ಇಲ್ಲ."

"ಯಾಕೆ?"

"ಸಂತೋಷ ಆಯ್ತು, ಅದಕ್ಕೆ," ಎಂದರು ಡೀನ್. ಅವರ ದನಿ ಏರಿತು. "ಬುಧವಾರ ಬೆಳಿಗ್ಗೆ ನನ್ನ ಆರು ವರ್ಷದ ಕೆಲಸ ಬೀದಿಗೆ ಬೀಳೋದರಲ್ಲಿತ್ತು. ಬೀಳಲಿಲ್ಲ. ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅದು ಅಪರಾಧವಾ ಮೇಡಂ?"

"ಹನ್ನೊಂದು ಮಕ್ಕಳು ಸರ್."

"ಅದು ಎಣಿಕೆಯ ಪ್ರಶ್ನೆ."

ಇನ್‌ಸ್ಪೆಕ್ಟರಿನ ಕೈ ತುರಿಸಿತು. ಕೆನ್ನೆಗೆ ಬಾರಿಸುವ ಕೆಲಸ ತನ್ನದಲ್ಲ ಎಂದು ಮನಸ್ಸಿಗೆ ಬುದ್ಧಿ ಹೇಳಿ, ಆಕೆ ಕೈಯನ್ನು ಜೇಬಿಗೆ ಸೇರಿಸಿದಳು.

"ನಿಮ್ಮ ಕಚೇರಿಯ ಪಾಸ್‌ವರ್ಡಲ್ಲೇ ತೆಗೆದಿರೋದು. ಯಾರ್ಯಾರ ಹತ್ರ ಇದೆ?"

ಡೀನ್ ಹೊರಕೋಣೆಯ ಕಡೆ ಬೆರಳು ತೋರಿದರು. ಗುಮಾಸ್ತೆಯ ಖಾಲಿ ಮೇಜು, ಗೋಡೆಯಲ್ಲಿ ಕ್ಯಾಲೆಂಡರು, ಅದರ ಕೆಳಗೆ ಹಳದಿ ಚೀಟಿ. ಚೀಟಿಯಲ್ಲಿ ಪಾಸ್‌ವರ್ಡು, ದೊಡ್ಡ ಅಕ್ಷರಗಳಲ್ಲಿ. ಗುಮಾಸ್ತೆ ಬಾಣಂತನದ ರಜೆಗೆ ಹೋಗುವಾಗ ಮರೆತುಹೋದೀತು ಎಂದು ಅಂಟಿಸಿ ಹೋಗಿದ್ದಳಂತೆ. ಎರಡು ತಿಂಗಳಿಂದ ಬಂದು ಹೋದವರೆಲ್ಲ ನೋಡಿದ್ದಾರೆ.

"ಭೇಷ್," ಎಂದಳು ಇನ್‌ಸ್ಪೆಕ್ಟರ್. "ಜ್ಞಾನಕ್ಕೆ ನಿಜವಾಗಲೂ ಬೀಗ ಇಲ್ಲ. ಈಗ ಆ ಒಪ್ಪಿಗೆ ಪತ್ರ ತೆಗೀರಿ."

ಡೀನ್ ಕನ್ನಡಕ ಹಾಕಿಕೊಂಡು ಒತ್ತಿದರು. ಪತ್ರ ತೆರೆದುಕೊಂಡಿತು. ಮುದ್ರಿಸಿದ ನಮೂನೆ. ಅವರು ಮೊದಲು ಓದಿದರು. ಓದುತ್ತ ಓದುತ್ತ ಅವರ ಬೆನ್ನು ನೆಟ್ಟಗಾಯಿತು. ಪರದೆಯನ್ನು ಆಕೆಯ ಕಡೆ ತಿರುಗಿಸಿದಾಗ ಹೋದ ಬಣ್ಣ ಮುಖಕ್ಕೆ ವಾಪಸು ಬಂದಿತ್ತು.

'ಮೃತ ಲೇಖಕರ ಏಕೈಕ ಹತ್ತಿರದ ಸಂಬಂಧಿಯಾದ ನಾನು ಈ ಲೇಖನವನ್ನು ಹಿಂತೆಗೆಯಲು ಒಪ್ಪಿರುತ್ತೇನೆ.' ಕೆಳಗೆ ಮಂಗಳವಾರದ ತಾರೀಖು. ಅದರ ಕೆಳಗೆ ಸಹಿ.

ಆ ಸಹಿಯನ್ನು ಇನ್‌ಸ್ಪೆಕ್ಟರ್ ಬಲ್ಲಳು. ಮೂರು ದಿನದಿಂದ ತನ್ನದೇ ಫೈಲಿನಲ್ಲಿ, ದೂರಿನ ಕೊನೆಯಲ್ಲಿ, ನೋಡುತ್ತಲೇ ಇದ್ದಳು.

"ಬದುಕಿದ್ದ ತಮ್ಮನ್ನ ಸತ್ತ ಅಂತ ಬರೆದುಕೊಟ್ಟೋರು ನಿಮ್ಮ ಬೆಂಚಿನ ಮೇಲೇ ಕೂತಿದ್ದಾರೆ," ಎಂದರು ಡೀನ್ ಮೆಲ್ಲಗೆ. "ನನ್ನ ಮುಂದೆ ಯಾಕೆ ನಿಂತಿದ್ದೀರಿ ಮೇಡಂ?"

* * *

ನಾಲ್ಕೂ ಮುಕ್ಕಾಲು. ಸ್ಟೇಷನ್ನಿನ ಬೆಂಚಿನ ಮೇಲೆ ಅಕ್ಕ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ಶಾಲಾಮಕ್ಕಳ ಸಮವಸ್ತ್ರ ಹೊಲಿಯುವವಳು. ತೋಳಿನ ಮೇಲೆ ಇನ್ನೂ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ತಾಯಿ ತೀರಿಕೊಂಡಾಗ ತಮ್ಮನಿಗೆ ಒಂಬತ್ತು, ಇವಳಿಗೆ ಹದಿನೇಳು. ಆ ಹೊಲಿಗೆ ಯಂತ್ರದಲ್ಲೇ ಅವನ ಫೀಜು, ಪುಸ್ತಕ, ಡಾಕ್ಟರೇಟು ಎಲ್ಲ ಹುಟ್ಟಿದ್ದು.

ಇನ್‌ಸ್ಪೆಕ್ಟರ್ ಬೈಯಬೇಕೆಂದೇ ಬಂದಿದ್ದಳು. ಆ ದಾರದ ತುಂಡುಗಳನ್ನು ನೋಡಿ ಮನಸ್ಸು ಬದಲಿಸಿದಳು. ಪಕ್ಕದಲ್ಲಿ ಕೂತು ಹಾಳೆ ತೋರಿಸಿದಳು.

"ಇದು ನಿಮ್ಮ ಸಹೀನಾ ಅಕ್ಕಾ?"

ಅಕ್ಕ ನೋಡಿದಳು. ಸಹಿಯ ಮೇಲೆ ಬೆರಳಿಟ್ಟಳು.

"ನಂದೇ."

"ಓದದೆ ಹಾಕಿದ್ರಾ?"

"ಓದಿದೆ. ನಂಗೆ ಓದೋಕೆ ಬರುತ್ತೆ."

"ಮೃತ ಅಂತ ಬರೆದಿದೆಯಲ್ಲ!"

"ಕೇಳಿದೆ ನಾನು," ಎಂದಳು ಅಕ್ಕ. ದನಿಯಲ್ಲಿ ಅಳುವಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಮಂಗಳವಾರ ಮಧ್ಯಾಹ್ನ ಅಂಗಡಿಗೆ ಬಂದರು. ನಿಮ್ಮ ತಮ್ಮನ ಲೇಖನದಲ್ಲಿ ತಪ್ಪಿದೆ, ನಾಳೆ ಬೆಳಿಗ್ಗೆ ಅದು ಎಲ್ಲರಿಗೂ ಕಾಣುತ್ತೆ, ಕಂಡರೆ ಕೆಲಸ ಹೋಗುತ್ತೆ, ಜೈಲೂ ಆಗಬಹುದು ಅಂದರು. ನೋಟೀಸು ಬಂದದ್ದು ನಿಜವಾಗಿತ್ತಲ್ಲ, ನಂಬಿದೆ. ಇವತ್ತೇ ತೆಗೆಸೋಕೆ ಇದೊಂದೇ ದಾರಿ, ಯಂತ್ರಕ್ಕೆ ಯಾವುದಾದರೂ ಒಂದು ಕಾರಣ ಬೇಕು, ಇದು ಬರೀ ಹಾಳೆ ಮೇಲಿನ ಮಾತು, ಮುಂದಿನ ವಾರ ಸರಿ ಮಾಡ್ತೀನಿ ಅಂದರು. ಮನಸ್ಸು ಒಪ್ಪಲಿಲ್ಲ ಮೇಡಂ. ಆದರೂ ಹಾಕಿದೆ. ಅವನ ಕೆಲಸ ಉಳೀಲಿ ಅಂತ ಹಾಕಿದೆ."

"ಐದೂ ನಲವತ್ತಕ್ಕೆ ಫೋನ್ ಮಾಡಿದಾಗ ಅವನಿಗೆ ಹೇಳಿದ್ರಾ?"

"ಹೇಳಿದೆ. ಒಳ್ಳೇ ಸುದ್ದಿ ಅಂತ ಹೇಳಿದೆ." ಅಕ್ಕ ತೋಳಿನ ದಾರವನ್ನು ಕಿತ್ತಳು. "ಅವನು ಕಿರುಚಿದ. ಅಕ್ಕಾ, ಏನು ಮಾಡಿಬಿಟ್ಟೆ, ಅದರಲ್ಲಿ ತಪ್ಪೇ ಇಲ್ಲ, ಮಕ್ಕಳು ಸಾಯ್ತಿದ್ದಾರೆ ಅಂದ. ಆಮೇಲೆ ತಾನೇ ಸಮಾಧಾನ ಮಾಡಿದ. ಅಳಬೇಡ, ಇನ್ನೂ ಹೊತ್ತಿದೆ, ಅವರು ನನಗೋಸ್ಕರ ಲೈಬ್ರರೀಲೇ ಕಾಯ್ತಿದ್ದಾರಂತೆ, ಹೋಗಿ ವಾಪಸ್ ಹಾಕಿಸ್ತೀನಿ ಅಂದ. ಅಷ್ಟೇ."

ಅಂದರೆ ಅವನು ಸಾಯಲು ಹೋದವನಲ್ಲ. ಕಲ್ಲು ಕೀಳಿಸಲು ಹೋದವನು. ಇನ್‌ಸ್ಪೆಕ್ಟರ್ ತಟ್ಟನೆ ಎದ್ದಳು.

"ಇದನ್ನೇ ಬರೆದುಕೊಡಿ ಅಕ್ಕಾ. ಈಗಲೇ. ಐದಕ್ಕೆ ಹತ್ತು ನಿಮಿಷ ಇದೆ, ಫೈಲು ನಿಲ್ಲಿಸ್ತೀನಿ. ಬಂದೋರು ಯಾರು?"

ಅಕ್ಕ ಆಕೆಯ ಕೈ ಹಿಡಿದುಕೊಂಡಳು. ಹೊಲಿದು ಹೊಲಿದು ಗಟ್ಟಿಯಾದ ಬೆರಳುಗಳು.

"ಬೇಡ ಮೇಡಂ. ಆತ್ಮಹತ್ಯೆ ಅಂತಲೇ ಬರೆದುಬಿಡಿ."

"ಏನಂದ್ರಿ?"

"ಕೋರ್ಟಿಗೆ ಹೋದರೆ ಈ ಹಾಳೆ ಎಲ್ಲರ ಮುಂದೆ ಓದ್ತಾರಂತೆ. ಬದುಕಿದ್ದ ತಮ್ಮನ್ನ ಸತ್ತ ಅಂತ ಅಕ್ಕನೇ ಬರೆದುಕೊಟ್ಟಳು ಅಂತ. ಮೊದಲು ಹಿಡಿಯೋದೂ ನನ್ನನ್ನೇ ಅಂತೆ. ಹಿಡೀಲಿ ಬಿಡಿ, ಅದಕ್ಕೆ ಹೆದರಲ್ಲ. ಆದರೆ ಅದನ್ನ ಓದೋದು ಕೇಳಿಕೊಂಡು ನಾನು ಬದುಕಲ್ಲ." ಅವಳು ಉಸಿರೆಳೆದುಕೊಂಡಳು. "ದೂರು ವಾಪಸ್ ತಗೊಂಡಿದ್ದೀನಿ. ಸಾಹೇಬರ ಕೈಗೆ ಪತ್ರ ಕೊಟ್ಟಾಯ್ತು."

ಇನ್‌ಸ್ಪೆಕ್ಟರ್ ಸಾಹೇಬರ ಕೋಣೆಯ ಕಡೆ ನೋಡಿದಳು. ಅರ್ಧ ತೆರೆದ ಬಾಗಿಲಿನಾಚೆ ಮೇಜಿನ ಮೇಲೆ ಪತ್ರ ಕಾಣುತ್ತಿತ್ತು. ಅಂಚು ಬಿಟ್ಟು, ಸಾಲು ತಪ್ಪದೆ, ಒಂದು ಚಿತ್ತಿಲ್ಲದೆ ತುಂಬಿದ ಪುಟ. ಹೊಲಿಗೆಯವಳು ಬರೆದದ್ದಲ್ಲ.

"ಇಷ್ಟೆಲ್ಲ ಅಂತೆ ಅಂತೆ ನಿಮಗೆ ಹೇಳಿದ್ದು ಯಾರು? ಆ ಪತ್ರ ಬರೆದುಕೊಟ್ಟಿದ್ದು ಯಾರು ಅಕ್ಕಾ?"

"ಅವರೇ. ಮಂಗಳವಾರ ಬಂದಿದ್ದೋರೇ. ನೀವು ಬರೋಕೆ ಹತ್ತು ನಿಮಿಷ ಮುಂಚೆ ಹೋದರು." ಅಕ್ಕನ ಕಣ್ಣು ಈಗ ತುಂಬಿತು. "ನನ್ನ ತಮ್ಮ ಅವರನ್ನ ಲೈಬ್ರರಿಯಮ್ಮ ಅಂತಿದ್ದ. ಹೆತ್ತಮ್ಮನ ಹಾಗೆ ನೋಡ್ಕೊಳ್ತಾರೆ ಅಂತಿದ್ದ."

ಇನ್‌ಸ್ಪೆಕ್ಟರ್ ಕೈ ಬಿಡಿಸಿಕೊಂಡು ಸಾಹೇಬರ ಬಾಗಿಲ ಕಡೆ ಓಡಿದಳು. ಒಳಗೆ ಸಾಹೇಬರು ಗುಮಾಸ್ತನಿಗೆ ಹೇಳುತ್ತಿದ್ದರು: "ಐದಾಗೋವರೆಗೂ ಯಾಕೆ ಕಾಯಬೇಕು? ಮೊಹರು ಒತ್ತಿ ಕಳಿಸಿಬಿಡು."